ಲ್ಯಾಮಿಂಗ್ಟನ್ ರಸ್ತೆಯ ಔಚಿತ್ಯ ವಿಚಾರ

ಮುಂಬೈಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಹತ್ತಿರದಲ್ಲೇ ಲ್ಯಾಮಿಂಗ್ಟನ್ ರಸ್ತೆ. ಫಲಕದ ಮೇಲೆ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ. ಜನರ ಬಾಯಲ್ಲಿ ಹಳೆಯ ಗವರ್ನರನ ಹೆಸರೇ. ‘ಶೋಲೆ’ ವರ್ಷಗಟ್ಟಲೆ ಓಡಿದ ಮಿನರ್ವಾ ಚಿತ್ರಮಂದಿರ ಇದ್ದದ್ದೂ ಇಲ್ಲೇ. ಇಲ್ಲಿನ ಕಂಪ್ಯೂಟರ್ ಅಂಗಡಿಗಳಲ್ಲಿ ಬರೆದುಕೊಡುವ ಕೊಟೇಶನ್ ಚೀಟಿಯನ್ನು ನಾನು ಬೆಲೆಪಟ್ಟಿಯೆಂದು ಓದುವುದಿಲ್ಲ. ಒಂದು ಸಾಲು ಇನ್ನೊಂದಕ್ಕೆ ಹೇಗೆ ಒಪ್ಪುತ್ತದೆ ಎಂಬುದರಲ್ಲಿ ಅದರ ರುಚಿಯಿದೆ.

ಮೊದಲ ಸವಿ ಪ್ರೊಸೆಸರ್ ಕೂರುವ ಸಾಕೆಟ್ಟಿನದು. ಎಎಂಡಿಯ ಎಎಂ4 ಸಾಕೆಟ್ ಬಂದದ್ದು 2016ರಲ್ಲಿ. 2018ರ ಬಿ450 ಮದರ್‌ಬೋರ್ಡ್ ಕೂಡ, ಬಯಾಸ್ ಹೊಸದಾಗಿದ್ದರೆ, 2021ರ ರೈಜೆನ್ 5600ಜಿ ಪ್ರೊಸೆಸರನ್ನು ಒಪ್ಪಿಕೊಳ್ಳುತ್ತದೆ. ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನುಗಳು. ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ. ಸನ್ನೆ ಮೇಲೆತ್ತಿ, ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಬಿಟ್ಟರೆ ಅದು ತನ್ನ ಭಾರಕ್ಕೇ ಕುಳಿತುಕೊಳ್ಳುತ್ತದೆ. ಒತ್ತಬೇಕೆನಿಸಿದರೆ ಎಲ್ಲೋ ತಪ್ಪಿದೆಯೆಂದೇ ಅರ್ಥ.

‘ಜಿ’ ಅಕ್ಷರದ ತೂಕವೂ ಸಣ್ಣದಲ್ಲ. 5600ಜಿಯ ಒಳಗೇ ಗ್ರಾಫಿಕ್ಸ್ ಇದೆ. ಬರಿಯ 5600ಕ್ಕೆ ಬೇರೆ ಕಾರ್ಡು ಕೊಳ್ಳದಿದ್ದರೆ ಪರದೆಯ ಮೇಲೆ ಏನೂ ಮೂಡದು. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಚೆನ್ನ: ದತ್ತಾಂಶಕ್ಕೆ ಎರಡು ದಾರಿ ತೆರೆಯುತ್ತವೆ, ಚಿತ್ರದ ಓಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ರ‍್ಯಾಮಿನ ತಲೆಮಾರುಗಳಾದ ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಸಂಪರ್ಕಗಳು, ಉದ್ದವೂ ಒಂದೇ. ನಡುವಿನ ಕಚ್ಚು ಮಾತ್ರ ತುಸು ಸರಿದಿದೆ. ಆ ಕೆಲವೇ ಮಿಲಿಮೀಟರಿನಲ್ಲಿ ಎರಡು ತಲೆಮಾರುಗಳ ಗಡಿ!

ಕಂಠಕ್ಕೆ ಡಾಬು ಕಟ್ಟಿದರೆ ನಗೆಪಾಟಲು ಎಂದ ಸಂಸ್ಕೃತ ಕಾವ್ಯಮೀಮಾಂಸಕ ಕ್ಷೇಮೇಂದ್ರನಿಗೆ ಔಚಿತ್ಯವೇ ಕಾವ್ಯದ ಜೀವ. ದುಬಾರಿ ಕಾರ್ಡು ಕೊಂಡು ಅದಕ್ಕೆ ವಿದ್ಯುತ್ ಪೂರೈಸಲು ಹೆಸರಿಲ್ಲದ ಎಸ್‌ಎಂಪಿಎಸ್ ಜೋಡಿಸಿದ ಡಬ್ಬವನ್ನು ಕಂಡಾಗಲೆಲ್ಲ ಅವನ ನೆನಪಾಗುತ್ತದೆ. ದುಡ್ಡು ಧಾರಾಳವಾಗಿದ್ದರೆ ಈ ವಿವೇಚನೆಯ ಗೋಜೇ ಬೇಡ. ಕಿಸೆಯ ಮಿತಿ ಇದ್ದಾಗಲೇ ‘ಇದು ಅದಕ್ಕೆ ತಕ್ಕುದೇ?’ ಎಂದು ಪ್ರತಿ ಸಾಲಿನಲ್ಲೂ ಕೇಳುವುದು.

244 ಮಿಲಿಮೀಟರ್ ಚದರದ ಮೈಕ್ರೋ ಎಟಿಎಕ್ಸ್ ಬೋರ್ಡಿಗೆ ಚಿಕ್ಕ ಕ್ಯಾಬಿನೆಟ್ ಸಾಕು; ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲೂ ಮೇಜಿನ ಕೆಳಗೆ ಜಾಗವಾಗುತ್ತದೆ. 65 ವಾಟಿನ ಈ ಪ್ರೊಸೆಸರಿಗೆ 550 ವಾಟಿನ ಎಸ್‌ಎಂಪಿಎಸ್ ಇಂದಿನ ಲೆಕ್ಕದಲ್ಲಿ ಹೆಚ್ಚೇ. ಆದರೂ ಅದನ್ನು ಹಾಕಿಸುತ್ತೇನೆ, ನಾಲ್ಕು ರ‍್ಯಾಮ್ ಸ್ಲಾಟಿನ ಬೋರ್ಡನ್ನೇ ಕೇಳುತ್ತೇನೆ. ಕಾರ್ಡಿಗೂ ಇನ್ನೆರಡು ರ‍್ಯಾಮಿಗೂ ದುಡ್ಡು ಕೂಡಿದ ದಿನ ಉಳಿದ ಭಾಗಗಳನ್ನು ಕಿತ್ತೆಸೆಯಬೇಕಾಗಿ ಬಾರದಂತೆ ಮಾಡಿದ ಈ ಒಂದು ದುಂದು, ಇಡೀ ಚೀಟಿಯಲ್ಲಿ ನನಗೆ ಅತಿ ಇಷ್ಟದ ಮಿತವ್ಯಯ.