ದಕ್ಷಿಣ ಆಫ್ರಿಕದ ನಿರುದ್ಯೋಗ: ಎರಡು ಮತಗಳ ವಿಮರ್ಶೆ

ದಕ್ಷಿಣ ಆಫ್ರಿಕದಲ್ಲಿ 1994ರ ಏಪ್ರಿಲ್ ತಿಂಗಳಿನಲ್ಲಿ ನಡೆದ ಚುನಾವಣೆಯೊಡನೆ ವರ್ಣಭೇದದ ಆಳ್ವಿಕೆ ಕೊನೆಗೊಂಡಿತು. ತರುವಾಯ ಹೆಚ್ಚಿದ ನಿರುದ್ಯೋಗವು ಹೊಸ ಸರ್ಕಾರದ ಸೃಷ್ಟಿಯೆಂದು ಕೆಲವರೂ, ಹಳೆಯ ಆಳ್ವಿಕೆಯು ಬಿಟ್ಟುಹೋದ ಆಸ್ತಿಯೆಂದು ಕೆಲವರೂ ವಾದಿಸುವುದುಂಟು. ಎರಡು ಪಕ್ಷಗಳೂ ಅಂಕಿಗಳನ್ನೇ ನೆಚ್ಚಿವೆ. ಆ ಅಂಕಿಗಳು ಹುಟ್ಟಿದ ಬಗೆಯನ್ನು ಮಾತ್ರ ವಿಚಾರಿಸುವುದಿಲ್ಲ. ಶಾಸನದ ಪಾಠವನ್ನು ಪರೀಕ್ಷಿಸದೆ ಅರಸನ ಕಾಲವನ್ನು ನಿರ್ಣಯಿಸುವುದು ಎಂತು ಸಲ್ಲದೋ ಇದೂ ಅಂತೆಯೇ ಸಲ್ಲದು.

ಮೊದಲನೆಯ ಮತವನ್ನು ನೋಡೋಣ. 1976ರಿಂದ 1981ರೊಳಗಾಗಿ ಟ್ರಾನ್ಸ್‌ಕೈ, ಬೊಫುತತ್ಸ್ವಾನ, ವೆಂಡ, ಸಿಸ್ಕೈ ಎಂಬ ನಾಲ್ಕು ಪ್ರಾಂತಗಳನ್ನು ಹಳೆಯ ಸರ್ಕಾರವು 'ಸ್ವತಂತ್ರ ರಾಷ್ಟ್ರ'ಗಳೆಂದು ಸಾರಿತು. ಹೊರಗಿನ ಜಗತ್ತು ಇದನ್ನು ಮನ್ನಿಸಲಿಲ್ಲ. ಆದರೂ ಅಲ್ಲಿನ ಆಫ್ರಿಕನ್ ಜನರು ದೇಶದ ಲೆಕ್ಕದಿಂದ ಹೊರಬಿದ್ದರು. 1991ರ ಜನಗಣತಿಯಲ್ಲಿಯೂ ಅವರಿಗೆ ಎಡೆಯಿರಲಿಲ್ಲ. ಕೆಲಸವು ಅತಿ ವಿರಳವಾಗಿದ್ದ ನೆಲವೇ ಹೀಗೆ ಮರೆಯಾಗಿದ್ದಿತು. ಆದಕಾರಣ 1994ರ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ನೇರವಾಗಿ ಹೋಲಿಸುವುದು ಯುಕ್ತವಲ್ಲ. ಹಿಂದೆ ಕಾಣದಿದ್ದ ನಿರುದ್ಯೋಗವನ್ನು ಇಲ್ಲದಿದ್ದ ನಿರುದ್ಯೋಗವೆಂದು ಭಾವಿಸಲಾಗದು.

ಎರಡನೆಯ ಮತದಲ್ಲಿಯೂ ಸತ್ಯಾಂಶವುಂಟು. 1950ರ ವಸತಿ ವಿಭಜನೆಯ ಕಾಯಿದೆಯು ಜನರನ್ನು ಕೆಲಸದ ಎಡೆಗಳಿಂದ ದೂರಕ್ಕಟ್ಟಿತು. 1953ರ ಬಾಂಟು ಶಿಕ್ಷಣ ಕಾಯಿದೆಯು ಅವರ ವಿದ್ಯೆಯನ್ನು ಕುಂಠಿತಗೊಳಿಸಿತು. ಆದರೆ ಹೊಸ ಸರ್ಕಾರವೇ 1996ರ ತನ್ನ ಆರ್ಥಿಕ ಯೋಜನೆಯಲ್ಲಿ, 2000ದ ಹೊತ್ತಿಗೆ ವರ್ಷಕ್ಕೆ 4 ಲಕ್ಷ ಉದ್ಯೋಗಗಳನ್ನು ಕಲ್ಪಿಸುವ ಗುರಿಯನ್ನಿಟ್ಟಿತು. ಆ ಗುರಿ ಕೈಗೂಡಲಿಲ್ಲ. ಉದ್ಯೋಗಗಳು ಹೆಚ್ಚದೆ ಇರಲಿಲ್ಲ. ಆದರೆ ಕೆಲಸವನ್ನು ಅರಸಿ ಬಂದವರ, ವಿಶೇಷವಾಗಿ ಸ್ತ್ರೀಯರ, ಸಂಖ್ಯೆಯು ಅದಕ್ಕಿಂತ ಬೇಗ ಬೆಳೆಯಿತು. ಮೂರು ತಿಂಗಳಿಗೊಮ್ಮೆ ನಡೆಯುವ ಸಮೀಕ್ಷೆಯು ಆರಂಭವಾದ 2008ರಲ್ಲಿ ನಿರುದ್ಯೋಗವು ನೂರಕ್ಕೆ ಸುಮಾರು 23ರಷ್ಟಿದ್ದು, 2021ರ ಕೊನೆಯ ಭಾಗದಲ್ಲಿ 35.3ಕ್ಕೆ ಏರಿತು. ಕೋವಿಡ್ ಪಿಡುಗು ಇದಕ್ಕೆ ಒಂದು ಕಾರಣವೆಂಬುದು ದಿಟ. ಆದರೆ ಏರಿಕೆಯು ಅದಕ್ಕೂ ಹಿಂದಿನದು. ಎರಡು ಅಂಕಿಗಳಿಗೂ ಒಂದೇ ವ್ಯಾಖ್ಯೆಯಿರುವುದರಿಂದ ಈ ಏರಿಕೆಯನ್ನು ಎಣಿಕೆಯ ವ್ಯತ್ಯಾಸವೆಂದು ತಳ್ಳಿಹಾಕುವಂತಿಲ್ಲ. ಎಲ್ಲವನ್ನೂ ಹಳಬರ ತಲೆಗೆ ಕಟ್ಟುವಂತೆಯೂ ಇಲ್ಲ.

ಈ ವ್ಯಾಖ್ಯೆಯೂ ವಿಚಾರಾರ್ಹವಾದುದು. ಕೆಲಸಕ್ಕಾಗಿ ಪ್ರಯತ್ನಿಸುತ್ತಿರುವವನನ್ನು ಮಾತ್ರ ನಿರುದ್ಯೋಗಿಯೆಂದು ಗಣಿಸುವ ಕ್ರಮವು 1998ರಿಂದ ಅಧಿಕೃತವಾಯಿತು. ಆಸೆಗೆಟ್ಟು ಹುಡುಕಾಟವನ್ನು ಕೈಬಿಟ್ಟವರೇ ಮೊದಲಾದವರನ್ನು ಕೂಡಿಸಿದರೆ 2021ರ ಅದೇ ಅವಧಿಯ ಅಂಕಿ 46.2 ಆಗುತ್ತದೆ. ಹಿಂದೆ ಗಡಿಗೆರೆಯು ಜನರನ್ನು ಲೆಕ್ಕದಿಂದ ಹೊರಗಿಟ್ಟಿತು. ಈಗ ಒಂದು ವ್ಯಾಖ್ಯೆಯು ಕೆಲವರನ್ನು ಹೊರಗಿಡುತ್ತಿದೆ. ಉದ್ದೇಶದಲ್ಲಿ ಇವೆರಡೂ ಸಮವಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯು ಯಾವ ಅಂಕಿಯನ್ನೇ ಆಗಲಿ ಅಂಗೀಕರಿಸುವ ಮುನ್ನ, ಅದರಲ್ಲಿ ಸೇರದೆ ಉಳಿದವರು ಯಾರೆಂದು ಕೇಳುವುದು ಅವಶ್ಯವಾಗಿದೆ.