ಬಿಸಿಯಾಗದ ಪೆಟ್ಟಿಗೆ

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತೇವೆ. ಆಟಕ್ಕೆ, ಕೂಟಕ್ಕೆ ಬರೆಯುತ್ತೇವೆ. ಅದೇ ಕೂಟದ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳಿಸುವ ಯಂತ್ರದ ವಿಷಯ ಬಂದಾಗ ಮಾತ್ರ ಅಂಗಡಿಯವರು ಹೇಳಿದ್ದೇ ಕೊನೆಯ ಮಾತು. ಯಂತ್ರವನ್ನು ಆರಿಸುವುದೂ ಅಭಿರುಚಿಗೆ ಸೇರಿದ್ದೇ. ಹಾಗಾಗಿ ಅದನ್ನೂ ತೂಗಿ ನೋಡಬೇಕು. ಮನೆಯಲ್ಲಿ ಸಂಗೀತ ಕೇಳುವ ಹುಚ್ಚಿನವರು ಈಗ ಬಹಳ ಹೊಗಳುವುದು 'ಕ್ಲಾಸ್ ಡಿ' ಆಂಪ್ಲಿಫೈಯರನ್ನು. ಈ ಹೊಗಳಿಕೆಯಲ್ಲಿ ನಿಜ ಎಷ್ಟು, ಗಾಳಿ ಎಷ್ಟು?

ಮೊದಲು ಕೆಲಸ ಏನೆಂದು ನೋಡುವ. ಮೊಬೈಲಿನಿಂದಲೋ ಟೇಪ್‌ರೆಕಾರ್ಡರಿನಿಂದಲೋ ಬರುವ ಸಣ್ಣ ಸಂಕೇತವನ್ನು ಸ್ಪೀಕರನ್ನು ಅಲುಗಿಸುವಷ್ಟು ದೊಡ್ಡದು ಮಾಡುವುದೇ ಆಂಪ್ಲಿಫೈಯರಿನ ಕೆಲಸ. ಹಳೆಯ ಕ್ರಮದಲ್ಲಿ ಟ್ರಾನ್ಸಿಸ್ಟರು ಅರ್ಧ ತಿರುಗಿಸಿದ ನಳ್ಳಿಯ ಹಾಗೆ. ಬೇಕಾದಷ್ಟನ್ನು ಬಿಡುತ್ತದೆ, ತಡೆದು ಹಿಡಿದದ್ದನ್ನು ಬಿಸಿಯಾಗಿ ಕಳೆಯುತ್ತದೆ. 'ಕ್ಲಾಸ್ ಎ' ಅಂತೂ ಹಾಡು ನಿಂತಾಗಲೂ ಕಾದುಕೊಂಡೇ ಇರುತ್ತದೆ. 'ಕ್ಲಾಸ್ ಬಿ'ಯಲ್ಲಿ ಲೆಕ್ಕದ ಪ್ರಕಾರ ಹೆಚ್ಚೆಂದರೆ ಶೇಕಡಾ 78.5ರಷ್ಟು ಶಕ್ತಿ ಸ್ಪೀಕರಿಗೆ ಮುಟ್ಟುತ್ತದೆ; ಅದೂ ಪೂರ್ತಿ ಜೋರಿನಲ್ಲಿ. ಮನೆಯಲ್ಲಿ ಮೆಲ್ಲಗೆ ಕೇಳುವಾಗ ಅದರ ಹತ್ತಿರಕ್ಕೂ ಬರುವುದಿಲ್ಲ.

ಕ್ಲಾಸ್ ಡಿಯಲ್ಲಿ ನಳ್ಳಿ ಇಲ್ಲ, ಸ್ವಿಚ್ಚು ಉಂಟು. ಟ್ರಾನ್ಸಿಸ್ಟರು ಪೂರ್ತಿ ತೆರೆದಿರುತ್ತದೆ ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಸೆಕೆಂಡಿಗೆ ನಾಲ್ಕೈದು ಲಕ್ಷ ಸಲ ಹೀಗೆ ತೆರೆದು ಮುಚ್ಚುತ್ತದೆ. ಸಂಕೇತ ಏರಿದಲ್ಲಿ ತೆರೆದಿರುವ ಹೊತ್ತು ಹೆಚ್ಚು, ಇಳಿದಲ್ಲಿ ಕಡಿಮೆ. ಕೊನೆಗೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಈ ಪಟಪಟವನ್ನು ಸೋಸಿ ಹಾಡನ್ನು ಮಾತ್ರ ಸ್ಪೀಕರಿಗೆ ಬಿಡುತ್ತವೆ. ಅರ್ಧ ತೆರೆದು ನಿಲ್ಲುವುದಿಲ್ಲವಾದ್ದರಿಂದ ಬಿಸಿ ಬಹಳ ಕಡಿಮೆ. ಜೋರಾಗಿ ಹಾಕಿದಾಗ ಶೇಕಡಾ 90ರಷ್ಟು ಶಕ್ತಿ ಸ್ಪೀಕರಿಗೇ ಹೋಗುತ್ತದೆ. 'ಡಿ' ಎಂದರೆ ಡಿಜಿಟಲ್ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಎ, ಬಿ, ಸಿ ಆದ ಮೇಲೆ ಡಿ, ಅಷ್ಟೇ.

ಈ ಉಪಾಯ ಹೊಸತಲ್ಲ. 1964ರಲ್ಲೇ ಇಂಗ್ಲೆಂಡಿನ ಸಿಂಕ್ಲೇರ್ ಕಂಪೆನಿ ಎಕ್ಸ್-10 ಎಂಬ ಕಿಟ್ಟನ್ನು ಮಾರಿತು. ಹೆಸರಿಗೆ 10 ವ್ಯಾಟು, ಕೊಟ್ಟದ್ದು ಅದಕ್ಕಿಂತ ಎಷ್ಟೋ ಕಡಿಮೆ. ಆಗಿನ ಟ್ರಾನ್ಸಿಸ್ಟರಿಗೆ ಅಷ್ಟು ವೇಗ ಇರಲಿಲ್ಲ. ವೇಗದ ಮಾಸ್‌ಫೆಟ್‌ಗಳು ಬಂದ ಮೇಲೆ ಕೆಲಸ ಕುದುರಿತು. ಭಾರತ ಮೂಲದ ಆದ್ಯ ತ್ರಿಪಾಠಿ ಅಮೆರಿಕದಲ್ಲಿ ಕಟ್ಟಿದ ಟ್ರಿಪಾಥ್ ಕಂಪೆನಿ 1998ರಲ್ಲಿ ಟಿಎ 2020 ಎಂಬ ಚಿಪ್ಪನ್ನು ತಂದಿತು. ಅದೇ ಬಳಗದ ಚಿಪ್ಪಿದ್ದ, 40 ಡಾಲರಿಗೂ ಕಡಿಮೆ ಬೆಲೆಯ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಮುಂದೆ ದೊಡ್ಡ ದೊಡ್ಡ ಆಂಪ್ಲಿಫೈಯರ್ ಇಟ್ಟುಕೊಂಡಿದ್ದವರನ್ನು ಬೆರಗುಗೊಳಿಸಿತು. ಕಂಪೆನಿ ಮಾತ್ರ 2007ರಲ್ಲಿ ದಿವಾಳಿಯಾಯಿತು. ಬೆಲ್ಜಿಯಂನ ಬ್ರೂನೋ ಪುಟ್ಜೇಸ್, ಫಿಲಿಪ್ಸ್‌ನಲ್ಲಿದ್ದಾಗಲೂ ಆಮೇಲೆ ಹೈಪೆಕ್ಸ್‌ನಲ್ಲೂ, ಸೋಸಿದ ಮೇಲಿನ ಸದ್ದನ್ನೇ ಅಳೆದು ತಪ್ಪು ತಿದ್ದುವ ಕ್ರಮವನ್ನು ಪಳಗಿಸಿದರು. ಮುಂಚೆ ಸ್ಪೀಕರು ಬದಲಾದರೆ ಮೇಲಿನ ಸ್ಥಾಯಿಯ ಸದ್ದೂ ಸ್ವಲ್ಪ ಬದಲಾಗುತ್ತಿತ್ತು. ಒಳ್ಳೆಯ ಪೆಟ್ಟಿಗೆಗಳಲ್ಲಿ ಆ ದೋಷ ಈಗ ಇಲ್ಲವೆಂದೇ ಹೇಳಬಹುದು. ಅಗ್ಗದ ಹಲವು ಬೋರ್ಡುಗಳಲ್ಲಿ ಇನ್ನೂ ಉಂಟು. ಚಕ್ರತಾಳ, ಜಾಗಟೆ ಇರುವಲ್ಲಿ ಅದು ಗೊತ್ತಾಗಬಹುದು.

ಈಗ ಆಕರ್ಷಣೆಗೆ ಬರುವ. ಹುಚ್ಚಿನವರು 'ಸಿಹಿ ಸ್ವರ', 'ತುಂಬು ಸ್ವರ' ಎಂದೆಲ್ಲ ವರ್ಣಿಸುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸಿಹಿ ಇರಬೇಕಾದ್ದು ಭಾಗವತರ ಕಂಠದಲ್ಲಿ. ಆಂಪ್ಲಿಫೈಯರು ತನ್ನದನ್ನು ಸೇರಿಸಬಾರದು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳುವಾಗ ಯಂತ್ರದ ನೆನಪೇ ಬಾರದಿದ್ದರೆ ಅದು ಒಳ್ಳೆಯ ಯಂತ್ರ. ಈ ಪರೀಕ್ಷೆಯಲ್ಲಿ ಒಂದು ಸಾಧಾರಣ ಬೆಲೆಯ ಕ್ಲಾಸ್ ಡಿ ಪೆಟ್ಟಿಗೆಯೂ ಪಾಸಾಗುತ್ತದೆ. ಹಿಂದೆ ಅದಕ್ಕೆ ಬೇಕಾಗುತ್ತಿದ್ದುದು ಭಾರದ ಟ್ರಾನ್ಸ್‌ಫಾರ್ಮರು, ಅಲ್ಯೂಮಿನಿಯಂ ರೆಕ್ಕೆಗಳು ಮತ್ತು ಕಿಸೆ ತುಂಬ ಹಣ. ಈಗ ಅಂಗೈಯಗಲದ ಬೋರ್ಡು ಸಾಕು. ಟಿಪಿಎ 3116ರಂಥ ಚಿಪ್ಪು 4.5ರಿಂದ 26 ವೋಲ್ಟಿನವರೆಗೆ ಯಾವುದರಲ್ಲೂ ನಡೆಯುತ್ತದೆ. ಆಟಿಯ ಮಳೆಗೆ ಕರೆಂಟು ಹೋದರೆ 12 ವೋಲ್ಟಿನ ಬ್ಯಾಟರಿಯಲ್ಲೇ ಕೂಟ ಮುಂದುವರಿಯುತ್ತದೆ. ನಿಜವಾದ ಆಕರ್ಷಣೆ ಇದು. ಒಳ್ಳೆಯ ಸದ್ದು ಉಳ್ಳವರ ಚಾವಡಿಯಿಂದ ಎಲ್ಲರ ಮನೆಗೂ ಬಂತು.

ಆದರೆ ಅಗ್ಗವಾದದ್ದರ ಜೊತೆ ಸುಳ್ಳೂ ಅಗ್ಗವಾಗಿದೆ. ಪೆಟ್ಟಿಗೆಯ ಮೇಲೆ '100+100 ವ್ಯಾಟು' ಎಂದು ಅಚ್ಚಾಗಿರುತ್ತದೆ, ಜೊತೆಗೆ ಕೊಡುವುದು 12 ವೋಲ್ಟು, 2 ಆಂಪಿಯರಿನ ಅಡಾಪ್ಟರು. ಶಾಲೆಯ ಲೆಕ್ಕ ಮಾಡಿ ನೋಡಿ: 12 ಇಂಟು 2, ಒಟ್ಟು 24 ವ್ಯಾಟು. ಒಳಗೆ ಹೋಗುವುದೇ 24 ಆದರೆ ಹೊರಗೆ 200 ಬರುವುದೆಲ್ಲಿಂದ? ಇನ್ನೊಂದು ಲೆಕ್ಕವೂ ಉಂಟು. ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟಿಗೆ 144. 8 ಓಮ್‌ನ ಸ್ಪೀಕರಾದರೆ 16ರಿಂದ ಭಾಗಿಸಿದಾಗ 9. ಸದ್ದು ಒಡೆಯದೆ ಒಂದು ಸ್ಪೀಕರಿಗೆ ಸಿಗುವುದು ಹೆಚ್ಚೆಂದರೆ 9 ವ್ಯಾಟು. ಮನೆಗೆ ಅದು ಧಾರಾಳ. ವ್ಯಾಟು ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅಷ್ಟೇನೂ ದೊಡ್ಡ ವ್ಯತ್ಯಾಸವಲ್ಲ. ಸಂಖ್ಯೆಗೆ ಕೊಡುವ ಹಣವನ್ನು ಸ್ಪೀಕರಿಗೆ ಹಾಕಿದರೆ ಎಷ್ಟೋ ಮೇಲು.

ದೂರುಗಳು ಇನ್ನೆರಡು ಉಂಟು. ಮೊದಲನೆಯದು ರೇಡಿಯೋ. ಸೆಕೆಂಡಿಗೆ 4 ಲಕ್ಷ ಸಲ ಬಡಿಯುವ ಸ್ವಿಚ್ಚಿನ ಮರಿಅಲೆಗಳು 8 ಲಕ್ಷಕ್ಕೆ, 12 ಲಕ್ಷಕ್ಕೆ ಬೀಳುತ್ತವೆ. ಮೀಡಿಯಂ ವೇವ್ ಇರುವುದೂ ಅಲ್ಲಿಯೇ. ಸರಿಯಾಗಿ ಮುಚ್ಚದ ಬೋರ್ಡಿನ ಪಕ್ಕ ಅಜ್ಜನ ರೇಡಿಯೋ ಇಟ್ಟರೆ ಗುಂಯ್‌ಗುಡುತ್ತದೆ. ಎರಡನೆಯದು ರಿಪೇರಿ. ಹಳೆಯ ಆಂಪ್ಲಿಫೈಯರಿನ 2ಎನ್ 3055 ಟ್ರಾನ್ಸಿಸ್ಟರು ಸುಟ್ಟರೆ ಪೇಟೆಯ ರೇಡಿಯೋ ಅಂಗಡಿಯವರು ಸ್ಕ್ರೂ ಬಿಚ್ಚಿ ಬೇರೆ ಹಾಕುತ್ತಿದ್ದರು. ಈ ಸಣ್ಣ ಚಿಪ್ಪಿನ ಕಾಲುಗಳಿಗೆ ಅವರ ಬೆಸುಗೆ ಕೋಲು ಹೋಗುವುದೇ ಕಷ್ಟ. ಹೋದರೂ ಕೂಲಿಗಿಂತ ಹೊಸ ಬೋರ್ಡೇ ಅಗ್ಗ. ಹಾಳಾದದ್ದು ಕಸಕ್ಕೆ ಹೋಗುತ್ತದೆ, ಕೈಗೆಲಸದವರ ಒಂದು ವಿದ್ಯೆಯೂ ಹೋಗುತ್ತದೆ. ಬಿಸಿಯಲ್ಲಿ ಉಳಿಸಿದ್ದನ್ನು ನಾವು ಇಲ್ಲಿ ಕಳೆಯುತ್ತಿದ್ದೇವೆ. ಹೊಗಳುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಷ್ಟಾದರೂ ನನ್ನ ತೀರ್ಮಾನ ಈ ಪೆಟ್ಟಿಗೆಯ ಪರವಾಗಿಯೇ. ಕಾರಣ ನಮ್ಮ ಕಾಸರಗೋಡಿನದ್ದು. ಇಲ್ಲಿ ಎಷ್ಟೋ ಮನೆಗಳಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳು ಉಂಟು. ಮಕ್ಕಳು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಪ್ರೌಢವಾದ ಕನ್ನಡ ಮಾತು ಅವರ ಕಿವಿಗೆ ಬೀಳುವ ದಾರಿಗಳಲ್ಲಿ ಈ ಕ್ಯಾಸೆಟ್ಟೂ ಒಂದು. ಮಾತು ಕಲಸಿ ಕೇಳಿದರೆ ಮಗು ಎದ್ದು ಹೋಗುತ್ತದೆ. ಕೃಷ್ಣ ಏನು ಹೇಳಿದ, ಕೌರವ ಏನು ಉತ್ತರ ಕೊಟ್ಟ ಎಂಬುದು ಅಕ್ಷರ ಅಕ್ಷರವಾಗಿ ಕೇಳಿದರೆ ಒಂದೈದು ನಿಮಿಷವಾದರೂ ಕೂರುತ್ತದೆ. ಅದಕ್ಕೆ ನೂರು ವ್ಯಾಟು ಬೇಡ, ಒಂದೆರಡು ವ್ಯಾಟು ಸಾಕು. ಕೊಳ್ಳಲು ಹೋಗುವವರು ಪೆಟ್ಟಿಗೆಯ ಮೇಲಿನ ಸಂಖ್ಯೆ ಓದುವುದಕ್ಕೆ ಮೊದಲು ಅಡಾಪ್ಟರು ತಿರುಗಿಸಿ ವೋಲ್ಟು ಎಷ್ಟು, ಆಂಪಿಯರು ಎಷ್ಟು ಎಂದು ನೋಡಿ. ತಮ್ಮದೇ ಒಂದು ಪರಿಚಿತ ಕ್ಯಾಸೆಟ್ಟನ್ನು ಮೊಬೈಲಿಗೆ ಇಳಿಸಿ ತೆಗೆದುಕೊಂಡು ಹೋಗಿ, ಅಂಗಡಿಯಲ್ಲಿ ಮೆಲ್ಲಗೆ ಹಾಕಿಸಿ ಕೇಳಿ. ಜೋರಾಗಿ ಹಾಕಿದರೆ ಎಲ್ಲವೂ ಚಂದವೇ ಕೇಳುತ್ತದೆ.