ದುಭಾಷಿಯನ್ನು ಕರೆಸುವವರು ಯಾರು?

ಕರ್ನೂಲು ಜಿಲ್ಲೆಯ ಒಂದು ಹಳ್ಳಿ, 2011ರ ಮಾರ್ಚ್ 31ರ ಬೆಳಿಗ್ಗೆ. ಹುಟ್ಟಿನಿಂದಲೇ ಕಣ್ಣು ಕಾಣದ ಹತ್ತೊಂಬತ್ತು ವರ್ಷದ ದಲಿತ ಯುವತಿ ಮನೆಯೊಳಗಿದ್ದಳು. ತಾಯಿ ಬೀದಿ ನಲ್ಲಿಯ ಹತ್ತಿರ. ಮನೆಯ ಗಂಡುಮಕ್ಕಳಿಗೆ ಪರಿಚಯದವನು, ಬಂದುಹೋಗುವ ಬಳಕೆಯಿದ್ದವನು, ಒಳಗೆ ಬಂದು ಚಿಲಕ ಹಾಕಿಕೊಂಡ. ಕೂಗು ಕೇಳಿ ತಾಯಿ ಓಡಿ ಬಂದಳು, ಅಕ್ಕಪಕ್ಕದವರು ಸೇರಿದರು, ಅವನು ಸಿಕ್ಕಿಬಿದ್ದ. ಯುವತಿ ಅವನನ್ನು ದನಿಯಿಂದಲೇ ಗುರುತಿಸಿದ್ದಳು. ಹತ್ತು ವರ್ಷಗಳ ನಂತರ, 2021ರ ಏಪ್ರಿಲ್ 27ರಂದು, ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅತ್ಯಾಚಾರದ ಅಪರಾಧಕ್ಕೆ ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಪಟಾನ್ ಜಮಾಲ್ ವಲಿ ಪ್ರಕರಣ ಎಂದೇ ಹೆಸರಾದ ಈ ತೀರ್ಪು ಅಂಗವಿಕಲ ಸಂತ್ರಸ್ತರ ವಿಚಾರ ಬಂದಾಗಲೆಲ್ಲ ಮೊದಲು ಉಲ್ಲೇಖವಾಗುತ್ತದೆ. ಆ ಮನ್ನಣೆಗೆ ಅದು ಅರ್ಹವೂ ಹೌದು. ಆದರೆ ಅದರ ಅರ್ಧದಷ್ಟನ್ನು ಮಾತ್ರ ನಾವು ಓದುತ್ತಿದ್ದೇವೆ ಎಂಬುದು ನನ್ನ ಗುಮಾನಿ.

ಮೊದಲು ಅದರ ಸತ್ವ. ಕಣ್ಣಿಲ್ಲದವಳು ಯಾರನ್ನು ಹೇಗೆ ಗುರುತಿಸಿಯಾಳು ಎಂಬ ಪಾಟೀ ಸವಾಲು ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ಕತ್ತಲಲ್ಲಿ ಟಾರ್ಚಿನ ಬೆಳಕು ಬಿದ್ದ ಅರೆಗಳಿಗೆಯಲ್ಲಿ ಮುಖ ನೋಡಿದೆ ಎನ್ನುವ ಸಾಕ್ಷಿಯನ್ನು ನಂಬುವ ವ್ಯವಸ್ಥೆಯೇ, ಇಡೀ ಬದುಕನ್ನು ದನಿ ಮತ್ತು ಹೆಜ್ಜೆ ಸಪ್ಪಳದ ಮೇಲೆ ನಡೆಸುವವಳ ಗುರುತನ್ನು ಅನುಮಾನಿಸುತ್ತದೆ. ಅಂಗವೈಕಲ್ಯ ಇದೆ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯದ ತೂಕ ಇಳಿಯುವುದಿಲ್ಲ ಎಂದು ಪೀಠ ಸ್ಪಷ್ಟವಾಗಿ ಹೇಳಿತು. ಇನ್ನೂ ಒಂದು ಸೂಕ್ಷ್ಮವನ್ನು ಅದು ಕಾಪಾಡಿಕೊಂಡಿದೆ: ಅಂಗವಿಕಲ ಹೆಣ್ಣುಮಕ್ಕಳ ಮೇಲೆ ಹಿಂಸೆ ಸುಲಭವಾಗಿ ನಡೆಯುತ್ತದೆ ಎಂದು ಹೇಳುವಾಗ ಅವರನ್ನು ಅಸಹಾಯಕರು, ಕರುಣೆಯ ಪಾತ್ರಗಳು ಎಂದು ಚಿತ್ರಿಸಬಾರದೆಂಬ ಎಚ್ಚರ. ಕೋರ್ಟಿನ ಭಾಷೆಯಲ್ಲಿ ಇದು ಅಪರೂಪ.

ಜಾತಿಯ ಪ್ರಶ್ನೆ ಬಂದಾಗ ತೀರ್ಪು ತೊಡರುತ್ತದೆ. ಹೆಣ್ಣು, ದಲಿತೆ, ಅಂಧೆ ಎಂಬ ಮೂರು ನೆಲೆಗಳನ್ನು ಬಿಡಿಸಿ ನೋಡಲಾಗದು ಎಂದು ಪುಟಗಟ್ಟಲೆ ವಿವರಿಸಿದ ಪೀಠ, ಕೊನೆಗೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿಯ ಶಿಕ್ಷೆಯನ್ನು ರದ್ದು ಮಾಡಿತು. ಜಾತಿಯ ಕಾರಣಕ್ಕೇ ಕೃತ್ಯ ನಡೆಯಿತು ಎಂಬುದಕ್ಕೆ ಪ್ರತ್ಯೇಕ ಸಾಕ್ಷ್ಯ ಇರಲಿಲ್ಲ. ಘಟನೆ ನಡೆದಾಗ ಜಾರಿಯಲ್ಲಿದ್ದ ಕಲಮಿನ ಒಕ್ಕಣೆ ಅಂಥ ಸಾಕ್ಷ್ಯ ಕೇಳುತ್ತಿತ್ತು. ಸಂತ್ರಸ್ತೆಯ ಜಾತಿ ಆರೋಪಿಗೆ ಗೊತ್ತಿದ್ದರೆ ಸಾಕು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 2016ರಲ್ಲಿ. ಪೀಠದ ಕೈ ಕಟ್ಟಿತ್ತು, ಒಪ್ಪೋಣ. ಆದರೂ ಸಿದ್ಧಾಂತ ಅಷ್ಟು ಎತ್ತರಕ್ಕೆ ಹೋಗಿ ಫಲಿತಾಂಶ ಇಷ್ಟು ಕೆಳಗೆ ಇಳಿದಾಗ ಓದುಗನಿಗೆ ಇರುಸುಮುರುಸಾಗದೆ ಇರದು.

ನನ್ನ ಮುಖ್ಯ ತಕರಾರು ಬೇರೆ. ಈ ಪ್ರಕರಣ ಗೆದ್ದದ್ದು ಯಾವುದರಿಂದ? ತಾಯಿ ಕೂಗಳತೆಯಲ್ಲಿದ್ದಳು, ಜನ ಸೇರಿದರು, ಆರೋಪಿ ಸ್ಥಳದಲ್ಲೇ ಸಿಕ್ಕ, ಯುವತಿಗೆ ಬಾಯಿ ತುಂಬ ಮಾತಿತ್ತು. ಅವಳಿಗೆ ದುಭಾಷಿ ಬೇಕಾಗಲಿಲ್ಲ, ವಿಶೇಷ ಶಿಕ್ಷಕಿ ಬೇಕಾಗಲಿಲ್ಲ. ತೀರ್ಪಿನ ಕೊನೆಯಲ್ಲಿರುವ ಸಲಹೆಗಳೆಲ್ಲ ಅವಳ ನಂತರ ಬರುವವರಿಗಾಗಿ ಬರೆದವು: ನ್ಯಾಯಾಧೀಶರಿಗೆ ನ್ಯಾಯಿಕ ಅಕಾಡೆಮಿಗಳಲ್ಲಿ ತರಬೇತಿ, ಸರ್ಕಾರಿ ಅಭಿಯೋಜಕರಿಗೆ ತರಬೇತಿ, ಪೊಲೀಸರಿಗೆ ಸಂವೇದನೆಯ ಪಾಠ, ದುಭಾಷಿಗಳ ನೇಮಕ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸಂತ್ರಸ್ತರ ಅಂಗವೈಕಲ್ಯದ ವಿವರವನ್ನೂ ಸಂಗ್ರಹಿಸುವ ಬಗ್ಗೆ ಯೋಚಿಸಬೇಕು ಎಂಬ ಮಾತು. ಎಲ್ಲವೂ ಬೇಕಾದವೇ. ಆದರೆ ಬಹುಪಾಲು ವಾಕ್ಯಗಳು ಪರಿಶೀಲಿಸಬಹುದು, ಪರಿಗಣಿಸಬೇಕು ಎಂಬ ಧಾಟಿಯವು. ಯಾರು, ಯಾವಾಗ, ಯಾವ ಹಣದಲ್ಲಿ ಎಂಬುದಿಲ್ಲ. ಮರುವರ್ಷ ಇದೇ ಕೋರ್ಟು ದುರ್ಬಲ ಸಾಕ್ಷಿಗಳ ಹೇಳಿಕೆ ಕೇಂದ್ರಗಳ ವಿಷಯದಲ್ಲಿ ನ್ಯಾಯಮೂರ್ತಿ ಗೀತಾ ಮಿತ್ತಲ್ ಅಧ್ಯಕ್ಷತೆಯ ಸಮಿತಿಯನ್ನೇ ನೇಮಿಸಿ ಉಸ್ತುವಾರಿ ವಹಿಸಿತು. ಮಾತು ಬಾರದವರು, ಕಿವಿ ಕೇಳದವರು, ಇತರ ಅಂಗವೈಕಲ್ಯ ಇರುವವರು ಆ ಕೇಂದ್ರಗಳನ್ನು ಬಳಸಬಹುದೆಂದೂ ಹೇಳಿತು. ಹಾಗೆ ಬೆನ್ನುಹತ್ತಿ ಮಾಡಿಸುವ ಪಟ್ಟು 2021ರ ತೀರ್ಪಿನಲ್ಲಿಲ್ಲ.

ಕಾನೂನಿನಲ್ಲಿ ಕೊರತೆಯೇ ಎಂದರೆ, ಅಕ್ಷರದಲ್ಲಿ ಹೆಚ್ಚೇನಿಲ್ಲ. ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, ಕಾನೂನು ಸುಧಾರಣೆಗೆಂದು ನೇಮಿಸಿದ ವರ್ಮಾ ಸಮಿತಿಯ ವರದಿಯ ಬೆನ್ನಿಗೇ ಬಂದ 2013ರ ಕ್ರಿಮಿನಲ್ ಕಾನೂನು ತಿದ್ದುಪಡಿ ಬಹಳಷ್ಟನ್ನು ಕೊಟ್ಟಿತು. ಲೈಂಗಿಕ ಅಪರಾಧಕ್ಕೆ ತುತ್ತಾದ ಅಂಗವಿಕಲ ವ್ಯಕ್ತಿ ಠಾಣೆಗೆ ಹೋಗಬೇಕಿಲ್ಲ. ಪೊಲೀಸರೇ ಮನೆಗೆ ಅಥವಾ ಅವರು ಹೇಳಿದ ಅನುಕೂಲದ ಜಾಗಕ್ಕೆ ಬಂದು, ದುಭಾಷಿ ಅಥವಾ ವಿಶೇಷ ಶಿಕ್ಷಕರ ಎದುರು ದೂರು ಬರೆದುಕೊಳ್ಳಬೇಕು, ವಿಡಿಯೊ ಮಾಡಬೇಕು. ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯನ್ನೇ ಮುಖ್ಯ ವಿಚಾರಣೆಯ ಬದಲಿಗೆ ಬಳಸಬಹುದು. ನೊಂದವಳು ಅದನ್ನೆಲ್ಲ ಕೋರ್ಟಿನಲ್ಲಿ ಮತ್ತೆ ಮೊದಲಿಂದ ಹೇಳಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇವನ್ನು 173 ಮತ್ತು 183ನೇ ಕಲಮುಗಳಲ್ಲಿ ಉಳಿಸಿಕೊಂಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 12ನೇ ಕಲಂ, ಅವರು ಬಯಸಿದ ಭಾಷೆ ಮತ್ತು ಸಂವಹನ ವಿಧಾನದಲ್ಲಿ ಸಾಕ್ಷ್ಯ ದಾಖಲಿಸುವ ಸೌಲಭ್ಯ ಇರಬೇಕು ಎನ್ನುತ್ತದೆ. ಓದಿದರೆ ಹೊಟ್ಟೆ ತುಂಬಿದಂತಾಗುತ್ತದೆ.

ಈಗ ಹೀಗೆಂದುಕೊಳ್ಳಿ. ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿ, ಶನಿವಾರ ರಾತ್ರಿ. ಕಿವಿ ಕೇಳದ, ಶಾಲೆಯ ಮೆಟ್ಟಿಲು ಹತ್ತದ ಇಪ್ಪತ್ತೈದರ ಹೆಂಗಸು. ಪಿಎಸ್‌ಐ ಒಳ್ಳೆಯವರು, ಕಾನೂನು ಬಲ್ಲವರು, ಬಂದಿದ್ದಾರೆ. ದುಭಾಷಿ ಎಲ್ಲಿ? ಜಿಲ್ಲಾ ಕೇಂದ್ರದ ಕಿವುಡು ಮಕ್ಕಳ ಶಾಲೆಗೆ ಫೋನ್ ಮಾಡುತ್ತಾರೆ, ಬೇಸಿಗೆ ರಜೆ. ಅಂತೂ ಮರುದಿನ ಮಧ್ಯಾಹ್ನ ಒಬ್ಬ ಶಿಕ್ಷಕಿ ಬಂದರು ಅನ್ನೋಣ. ಆ ಶಿಕ್ಷಕಿಗೆ ಬರುವುದು ತರಗತಿಯಲ್ಲಿ ಕಲಿಸುವ ಭಾರತೀಯ ಸಂಜ್ಞಾ ಭಾಷೆ. ಈ ಹೆಂಗಸಿಗೆ ಅದು ಗೊತ್ತಿಲ್ಲ. ಅವಳದು ಅಡುಗೆಮನೆ, ಹೊಲ, ಕೊಟ್ಟಿಗೆಯಲ್ಲಿ ತಾಯಿ ಮತ್ತು ತಂಗಿಯ ಜೊತೆ ಬೆಳೆದ ಮನೆಸನ್ನೆ. ಅವಳು ಮೀಸೆ ತಿರುವಿ ತೋರಿಸುತ್ತಾಳೆ. ಅದು ಆ ಮನೆಯಲ್ಲಿ ದೊಡ್ಡಪ್ಪನೋ, ಊರ ಗೌಡನೋ, ಬಸ್ಸಿನ ಕಂಡಕ್ಟರೋ? ತಂಗಿಗೆ ಮಾತ್ರ ಗೊತ್ತು. ಶಿಕ್ಷಕಿ ತನಗೆ ತಿಳಿದಂತೆ ಒಂದು ಅರ್ಥ ಹೇಳುತ್ತಾರೆ, ರೈಟರ್ ಬರೆದುಕೊಳ್ಳುತ್ತಾನೆ. ಎರಡು ವರ್ಷದ ಮೇಲೆ ಪಾಟೀ ಸವಾಲಿನಲ್ಲಿ ವಕೀಲರು ಕೇಳುವುದು ಆ ಒಂದು ಪದವನ್ನೇ.

ಕಿವುಡರ ಸನ್ನೆಗಳಲ್ಲಿ ಎಷ್ಟು ಬಗೆಯಿದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರೂ ಕಿವಿ ಕೇಳುವವರೂ ಸೇರಿ ಬಳಸುವ ಊರಿನದೇ ಸಂಜ್ಞಾ ಭಾಷೆಯೊಂದಿದೆ. ಭಾಷಾವಿಜ್ಞಾನಿಗಳು ಅದನ್ನು ದಾಖಲಿಸಿದ್ದಾರೆ. ಅದಕ್ಕೆ ಒಂದು ಸಮುದಾಯದ ಬಲವಿದೆ. ನಾಲ್ಕು ಜನರ ಮನೆಯೊಳಗೆ ಹುಟ್ಟಿ ಅಲ್ಲೇ ಮುಗಿಯುವ ಸನ್ನೆಗಳಿಗೆ ಅದೂ ಇಲ್ಲ. ಇದಕ್ಕೆ ಉಪಾಯ ಇಲ್ಲದಿಲ್ಲ: ತಾವೇ ಕಿವುಡರಾಗಿದ್ದು ತರಬೇತಿ ಪಡೆದ ದುಭಾಷಿ ಮನೆಸನ್ನೆಯನ್ನು ಹಿಡಿದು ಸಂಜ್ಞಾ ಭಾಷೆಗೆ ತರುವುದು, ಕಿವಿ ಕೇಳುವ ದುಭಾಷಿ ಅದನ್ನು ಕನ್ನಡಕ್ಕೆ ತರುವುದು. ಒಬ್ಬರಲ್ಲ, ಇಬ್ಬರು ಬೇಕು. ನಮ್ಮ ಕಲಂ ಒಬ್ಬರನ್ನೇ ಊಹಿಸಿಕೊಂಡಿದೆ.

ಮನೆಯವರನ್ನೇ ದುಭಾಷಿ ಮಾಡಿದರೆ ಆಗದೇ? ಅಲ್ಲಿಯೂ ಮುಳ್ಳಿದೆ. ಆರೋಪಿ ಮನೆಯವನೇ ಆಗಿರಬಹುದು. ಮಾನಕ್ಕೆ ಅಂಜಿ ರಾಜಿಯಾಗಲು ಒತ್ತುವವರೂ ಮನೆಯವರೇ ಇರಬಹುದು. ಕೋರ್ಟಿನ ಕಣ್ಣಿಗೂ ಅವರು ತಟಸ್ಥರಲ್ಲ. ರಾಜಸ್ಥಾನದ ಒಂದು ಕೊಲೆ ಪ್ರಕರಣದಲ್ಲಿ, ಮಾತು ಬಾರದ ಸಾಕ್ಷಿಯ ವಿಷಯವಾಗಿ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇಲ್ಲಿ ನೆನೆಯಬೇಕು: ಸಾಕ್ಷಿ ಓದುಬರಹ ಬಲ್ಲವರಾದರೆ ಪ್ರಶ್ನೆಯನ್ನು ಬರೆದು ಕೊಟ್ಟು ಉತ್ತರ ಬರೆಸಿಕೊಳ್ಳುವುದು ಮೇಲು, ಸನ್ನೆಯಲ್ಲಿ ಹೇಳಿದರೆ ಸನ್ನೆಯೂ ದಾಖಲಾಗಬೇಕು, ದುಭಾಷಿ ಹೇಳಿದ ಅರ್ಥ ಮಾತ್ರವಲ್ಲ. ತತ್ವ ಸರಿ. ಆದರೆ ಆ ಪ್ರಕರಣದಲ್ಲಿ ಆರೋಪಿಯ ಖುಲಾಸೆ ಉಳಿಯಿತು. ವಿಧಾನ ತಪ್ಪಿದ್ದು ಸಾಕ್ಷಿಯಿಂದಲ್ಲ, ಕೋರ್ಟಿನಿಂದ.

ಈ ರಕ್ಷಣೆಗಳ ಒಳಗಿನ ವಿಪರ್ಯಾಸ ಇದೇ. ದುಭಾಷಿ ಕಡ್ಡಾಯ, ವಿಡಿಯೊ ಕಡ್ಡಾಯ ಎಂದು ಬರೆದಾಗ ಅವು ನೊಂದವರ ಹಕ್ಕುಗಳು. ಅವು ಪಾಲನೆಯಾಗದಿದ್ದಾಗ ಆರೋಪಿಯ ವಕೀಲರ ಕೈಗೆ ಸಿಗುವ ಆಯುಧ. ದೂರು ದಾಖಲಿಸದ ಅಧಿಕಾರಿಗೆ 2013ರ ತಿದ್ದುಪಡಿಯೇ ಜೈಲುಶಿಕ್ಷೆ ಇಟ್ಟಿದೆ, ಸರಿ. ದೂರು ದಾಖಲಿಸಿ, ದುಭಾಷಿ ಸಿಗಲಿಲ್ಲ ಎಂದು ಷರಾ ಬರೆದ ಅಧಿಕಾರಿಯನ್ನು ಯಾರು ಏನು ಕೇಳುತ್ತಾರೆ? ಹ್ಯೂಮನ್ ರೈಟ್ಸ್ ವಾಚ್ 2018ರಲ್ಲಿ ಎಂಟು ರಾಜ್ಯಗಳ 17 ಪ್ರಕರಣಗಳನ್ನು ಹಿಂಬಾಲಿಸಿ ಬರೆದ ವರದಿಯ ಸಾರವೂ ಹೆಚ್ಚು ಕಡಿಮೆ ಇದೇ: ಕಾನೂನು ಬದಲಾಯಿತು, ಠಾಣೆಯಿಂದ ಕೋರ್ಟಿನವರೆಗಿನ ನಡೆ ಬದಲಾಗಲಿಲ್ಲ.

ಹಾಗಾದರೆ ಸರಿಯಾಗಿ ಮಾಡಿದ ಮಾದರಿ ಎಲ್ಲೂ ಇಲ್ಲವೇ? ಇದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ನಿಯಮಗಳಲ್ಲಿ. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳು, ಅನುವಾದಕರು, ವಿಶೇಷ ಶಿಕ್ಷಕರ ಹೆಸರು ವಿಳಾಸಗಳ ವಹಿಯನ್ನು ಇಟ್ಟುಕೊಳ್ಳಬೇಕು, ಪೊಲೀಸರಿಗೂ ಕೋರ್ಟಿಗೂ ಒದಗಿಸಬೇಕು. ಅವರಿಗೆ ಕೊಡುವ ಹಣ ಯಾವ ನಿಧಿಯದು ಎಂದೂ ಬರೆದಿದೆ. ಕಚೇರಿ ಗೊತ್ತು, ವಹಿ ಗೊತ್ತು, ಖರ್ಚಿನ ಬಾಬ್ತು ಗೊತ್ತು. ಪಿಎಸ್‌ಐ ಫೋನ್ ಮಾಡಬೇಕಾದ ಜಾಗ ಒಂದಿದೆ. ಆದರೆ ಹುಡುಗಿಗೆ ಹದಿನೆಂಟು ತುಂಬಿದ ದಿನ ಈ ವಹಿ ಮುಚ್ಚಿಹೋಗುತ್ತದೆ. ಅಂಗವಿಕಲ ವಯಸ್ಕರಿಗೆ ದುಭಾಷಿ ಕೊಡಿ ಎನ್ನುವ ಸಂಹಿತೆ, ಅವರನ್ನು ಎಲ್ಲಿಂದ ತರಬೇಕೆಂದು ಹೇಳುವುದಿಲ್ಲ.

2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹದಿನೆಂಟರ ಈ ಗೆರೆಯ ಪ್ರಶ್ನೆಯೇ ಬಂದಿತ್ತು. ಸೆರೆಬ್ರಲ್ ಪಾಲ್ಸಿಯಿದ್ದ 38 ವರ್ಷದ ಮಹಿಳೆ. ಬೌದ್ಧಿಕ ವಯಸ್ಸು ಆರರಿಂದ ಎಂಟು ವರ್ಷ. ಮಗಳ ಮೇಲಾದ ಅತ್ಯಾಚಾರದ ವಿಚಾರಣೆ ಪೋಕ್ಸೊ ನ್ಯಾಯಾಲಯದಲ್ಲೇ ನಡೆಯಲಿ ಎಂದು ತಾಯಿ ಕೇಳಿದ್ದರು. ಕಾಯ್ದೆಯಲ್ಲಿ ವಯಸ್ಸು ಎಂದರೆ ಹುಟ್ಟಿದ ದಿನದಿಂದ ಎಣಿಸುವ ವಯಸ್ಸು ಮಾತ್ರ ಎಂದು ಕೋರ್ಟ್ ಹೇಳಿತು. ನನ್ನ ಮಟ್ಟಿಗೆ ಆ ತೀರ್ಪು ಸರಿ. ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರನ್ನೆಲ್ಲ ಕಾನೂನು ಮಕ್ಕಳೆಂದು ಕರೆಯತೊಡಗಿದರೆ, ಅವರ ಮದುವೆ, ಪ್ರೀತಿ, ಆಸ್ತಿಯ ಹಕ್ಕುಗಳೆಲ್ಲ ಒಂದೊಂದಾಗಿ ಕೈಬಿಟ್ಟುಹೋಗುತ್ತವೆ. ಆದರೆ ಆ ತಾಯಿ ಕೇಳಿದ್ದು ಮಗಳನ್ನು ಮಗುವೆಂದು ಘೋಷಿಸುವುದಕ್ಕಿಂತ ಹೆಚ್ಚಾಗಿ, ಮಕ್ಕಳಿಗೆ ಸಿಗುವ ಆ ನೆರವನ್ನು. ನೆರವನ್ನು ವಯಸ್ಸಿನಿಂದ ಬಿಡಿಸಿ ಅಗತ್ಯಕ್ಕೆ ಕಟ್ಟುವ ಕೆಲಸ ಸಂಸತ್ತಿನದಾಗಿತ್ತು.

ಕರ್ನಾಟಕದಲ್ಲಂತೂ ಜನ ಇಲ್ಲ ಎನ್ನುವ ನೆಪ ಪೂರ್ತಿ ಒಪ್ಪುವಂಥದ್ದಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಹಲವರು ಸ್ವತಃ ಅಂಗವಿಕಲರು. ಯಾವ ಮನೆಯಲ್ಲಿ ಯಾರಿಗೆ ಏನು ತೊಂದರೆ, ಯಾರ ಸನ್ನೆ ಯಾರಿಗೆ ತಿಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಮಾಸಾಶನ, ಗುರುತಿನ ಚೀಟಿಯ ಅರ್ಜಿಗಳಿಗೆ ಬಳಕೆಯಾಗುವ ಈ ಜಾಲವನ್ನು ಠಾಣೆಗೂ ಜೋಡಿಸಬಹುದು. ಅವರನ್ನು ದುಭಾಷಿಗಳಾಗಿಸಬೇಕೆಂದಲ್ಲ, ಮೊದಲ ಗಂಟೆಯಲ್ಲಿ ಯಾರನ್ನು ಕರೆಯಬೇಕೆಂದು ಹೇಳಬಲ್ಲವರು ಅವರೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರಿದ್ದಾರೆ, ವಿಡಿಯೊ ಕರೆ ಎಲ್ಲರ ಜೇಬಿನಲ್ಲಿದೆ. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಿವಿ ಕೇಳದ ವಕೀಲೆ ಸಾರಾ ಸನ್ನಿ ಅವರ ವಾದವನ್ನು ಸಂಜ್ಞಾ ಭಾಷೆಯ ದುಭಾಷಿಯ ಮೂಲಕ ಆಲಿಸಿದಾಗ ನಾಡೆಲ್ಲ ಸಂಭ್ರಮಪಟ್ಟಿತು. ವಕೀಲರ ಸಾಲಿಗೆ ದೊರೆತದ್ದು ತಾಲ್ಲೂಕು ಕೋರ್ಟಿನ ಸಾಕ್ಷಿ ಕಟಕಟೆಗೂ ದೊರೆಯಲಾಗದಷ್ಟು ದುಬಾರಿಯೇನಲ್ಲ.

ಇಷ್ಟೆಲ್ಲ ಚರ್ಚೆ ಲೈಂಗಿಕ ಅಪರಾಧಗಳ ಸುತ್ತಲೇ ಸುತ್ತಿತು ಎಂಬುದನ್ನು ಓದುಗರು ಗಮನಿಸಿರಬಹುದು. ತಪ್ಪು ನನ್ನದಲ್ಲ, ಕಲಮಿನದು. ಮನೆಗೆ ಬಂದು ದುಭಾಷಿಯ ಎದುರು ದೂರು ಬರೆದುಕೊಳ್ಳಬೇಕೆಂಬ 173ನೇ ಕಲಮಿನ ಸೌಲಭ್ಯ ಹೆಚ್ಚುಕಡಿಮೆ ಆ ಅಪರಾಧಗಳಿಗಷ್ಟೇ ಸೀಮಿತ. ಅಣ್ಣ ತಮ್ಮಂದಿರು ಬಡಿದು ಮನೆಯಿಂದ ಹೊರಹಾಕಿದ ಗಾಲಿಕುರ್ಚಿಯ ಗಂಡಸು, ಮಾಸಾಶನದ ಹಣ ಕಸಿದುಕೊಂಡರೆಂದು ಸನ್ನೆಯಲ್ಲಿ ಗೋಳಾಡುವ ಅಜ್ಜಿ, ಖೋಟಾ ನೋಟು ಕೊಟ್ಟು ಹೋದವನ ವಿರುದ್ಧ ದೂರು ಕೊಡಬೇಕೆಂದಿರುವ ಅಂಧ ವ್ಯಾಪಾರಿ: ಇವರ ಮನೆಗೆ ಬಂದು ದೂರು ಬರೆದುಕೊಳ್ಳಬೇಕೆಂದಾಗಲಿ, ದುಭಾಷಿಯನ್ನು ಕರೆತರಬೇಕೆಂದಾಗಲಿ ಆ ಕಲಂ ಪೊಲೀಸರಿಗೆ ಹೇಳುವುದಿಲ್ಲ. 2023ರಲ್ಲಿ ಇಡೀ ಸಂಹಿತೆಯನ್ನು ಹೊಸದಾಗಿ ಬರೆದವರಿಗೆ ಅಪರಾಧದ ಪಟ್ಟಿಯನ್ನು ತೆಗೆದು ‘ಯಾವುದೇ ಅಪರಾಧ’ ಎಂದು ಬರೆಯುವ ಅವಕಾಶ ಇತ್ತು. ಅವರು ಹಳೆಯ ಕಲಮುಗಳ ಜಾಗಕ್ಕೆ ಹೊಸ ಸಂಖ್ಯೆಗಳನ್ನು ಕೂರಿಸಿ ಮುಂದೆ ನಡೆದರು.